ಕೊಲೆಗಾರ ಯಾರೆಂದು ಗೊತ್ತಿದ್ದ ಅತ್ತೆ

ಹತ್ತಿರ ಬಂದವರ ಮನಸ್ಸಿನ ಮಾತು ಎಲ್ಲರಿಗೂ ಕೇಳತೊಡಗಿದ ಮೇಲೆ ಪತ್ತೇದಾರಿ ಕಾದಂಬರಿ ಓದುವುದೇ ಕಷ್ಟವಾಗಿತ್ತು. ಮೊದಲೇ ಓದಿದವರು ಪಕ್ಕದಲ್ಲಿ ಸುಳಿದರೂ ಕೊಲೆಗಾರ ಯಾರೆಂದು ತಿಳಿದುಬಿಡುತ್ತಿತ್ತು.

ಕಾಯಿಲೆಯಿಂದ ಎದ್ದ ರೋಹಿಣಿಗೆ ಯಾವುದರಲ್ಲೂ ಆಸಕ್ತಿಯಿರಲಿಲ್ಲ. ಗದಗಿನಲ್ಲಿ ತಂಗಿಯ ಮನೆಗೆ ಹೋಗಿದ್ದ ಅತ್ತೆ ಗಂಗವ್ವ, ತಾನು ಓದಿ ಮೆಚ್ಚಿದ ಕಾದಂಬರಿಯೊಂದನ್ನು ಅಂಚೆಯಲ್ಲಿ ಕಳಿಸಿ ಫೋನ್ ಮಾಡಿದಳು.

“ಭಾಳ ಚಲೋ ಐತಿ, ಓದು. ನೀ ಮುಗಸೂತನಕಾ ನಾ ಮನಿಗೆ ಬರಂಗಿಲ್ಲ.”

ಬೇರೆಯವರ ಮನೆಯಲ್ಲಿ ಅತ್ತೆಗೆ ನಿದ್ದೆ ಬಾರದೆಂದು ರೋಹಿಣಿಗೆ ಗೊತ್ತು. ಅದಕ್ಕಾಗಿಯೇ ಪುಸ್ತಕ ತೆರೆದಳು. ಆಮೇಲೆ ಕೆಳಗಿಡಲಾಗಲಿಲ್ಲ, ಊಟ ಮಾಡುತ್ತಲೂ ಓದಿದಳು. ಕೊಲೆಗಾರ ಸಿಕ್ಕಾಗ ಬೆಚ್ಚಿಬಿದ್ದು, ಎಷ್ಟೋ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು.

“ಮುಗೀತ್ರಿ ಅತ್ತಿ, ಇನ್ನ ಬರ್ರಿ.”

ಮರುದಿನ ಗಂಗವ್ವ ಆಟೋ ಇಳಿದಾಗ ಬಾಗಿಲಲ್ಲಿ ನಿಂತಿದ್ದ ರೋಹಿಣಿ ತುಟಿ ಬಿಚ್ಚಲಿಲ್ಲ. ಗಂಗವ್ವ ಕಣ್ಣೊರೆಸಿಕೊಂಡಳು.

“ಸಾಕ್ ಬಿಡವ್ವಾ, ಕೇಳಿಸ್ತು. ಇನ್ನೊಂದು ತಂದೇನಿ. ನಾನೂ ಓದಿಲ್ಲ, ಕೂಡೇ ಓದೂಣು.”