ರೀಸೆಟ್

ಗೇಮ್ ಆಡುವುದಕ್ಕೆ ಹೆಡ್‌ಸೆಟ್ ಬೇಕು, ಫೋನು, ಲ್ಯಾಪ್‌ಟಾಪು, ಟಿವಿ ಮೂರಕ್ಕೂ ಒಂದೇ ಆಗಬೇಕು ಎಂದು ಆ ಹುಡುಗಿ ಅರ್ಧ ಗಂಟೆಯಿಂದ ಅಂಗಡಿಯಲ್ಲಿ ನನ್ನ ತಲೆ ತಿನ್ನುತ್ತಿದ್ದಳು. ಐದು ತೋರಿಸಿದೆ. ಐದನ್ನೂ ಪಕ್ಕಕ್ಕೆ ಸರಿಸಿದಳು.

ಕೊನೆಗೆ ಬ್ಯಾಗಿನಿಂದ ಹಳೆಯದೊಂದನ್ನು ತೆಗೆದು, "ಅಂಕಲ್, ಇಂಥದ್ದೇ ಕೊಡಿ" ಎಂದಳು.

ನನಗೆ ರೇಗಿತು. "ಅಲ್ಲಮ್ಮಾ, ಇದೇ ಮೂರಕ್ಕೂ ಆಗುತ್ತಲ್ಲ! ಕೆಟ್ಟೋಗಿದ್ಯಾ?"

"ಇಲ್ಲ, ಚೆನ್ನಾಗೇ ಇದೆ. ನಮ್ಮಕ್ಕಂದು. ಅವಳ ಫೋನ್ ಬಿಟ್ಟು ಬೇರೆ ಯಾವುದಕ್ಕೂ ಕನೆಕ್ಟ್ ಆಗಲ್ಲ."

"ಅಷ್ಟೇನಾ? ರೀಸೆಟ್ ಮಾಡಿದ್ರಾಯ್ತು. ಈ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ಹಳೇದನ್ನೆಲ್ಲ ಮರೆತುಬಿಡುತ್ತೆ."

ನಾನು ಬಟನ್ ಮೇಲೆ ಬೆರಳಿಟ್ಟೆನೋ ಇಲ್ಲವೋ, ಅವಳು ಹೆಡ್‌ಸೆಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗವಚಿಕೊಂಡಳು.

"ಯಾಕಮ್ಮಾ, ಅಕ್ಕ ಬೈತಾಳಾ?"

ಅವಳು ಅದನ್ನು ಆನ್ ಮಾಡಿ ನನ್ನ ಮುಂದೆ ಹಿಡಿದಳು. ಸಣ್ಣ ನೀಲಿ ದೀಪ ಮಿಣುಕತೊಡಗಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

"ನೋಡಿ, ಆನ್ ಮಾಡಿದಾಗೆಲ್ಲ ಮೊದಲು ಅವಳ ಫೋನನ್ನೇ ಹುಡುಕುತ್ತೆ. ಅಕ್ಕ ತೀರ್ಕೊಂಡಿದ್ದು ಇದಕ್ಕಿನ್ನೂ ಗೊತ್ತಿಲ್ಲ ಅಂಕಲ್."