ತುಟಿ ಕೂಡುವ ಅಕ್ಷರ

ಮೊದಲು ತುಟಿಗಳು ಕೂಡಿದವು. ಬಿಡುವಾಗ ದುಂಡಗಾದವು. ಆಮೇಲೆ ನಾಲಿಗೆಯ ತುದಿ ಮೇಲಕ್ಕೆ ಮಡಿಚಿ ಅಂಗುಳಕ್ಕೆ ತಾಗಿತು. ಅಷ್ಟೇ. ಸದ್ದಿಲ್ಲ.

ಮೇಷ್ಟ್ರು ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಜೇಬಿನ ಚೀಟಿಯಲ್ಲಿ ಬರೆದರು: ಮೊದಲನೆಯದು ತುಟಿಯಲ್ಲಿ ಹುಟ್ಟುವ ಅಕ್ಷರ, ಓಷ್ಠ್ಯ. ಎರಡನೆಯದು ಮೂರ್ಧನ್ಯ, ಟಠಡಢಗಳಲ್ಲೊಂದು. ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದವರು ಅವರು. ಆ ವಿದ್ಯೆ ಹೆಂಡತಿಯ ಬಾಯಿ ಓದುವುದಕ್ಕೆ ಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ.

ಡ್ರಿಪ್ ಬದಲಿಸಲು ಬಂದ ನರ್ಸಮ್ಮ ನೀರು ಕೇಳುತ್ತಿದ್ದಾರೇನೋ ಎಂದು ಹತ್ತಿ ಒದ್ದೆ ಮಾಡಿ ರೋಗಿಯ ತುಟಿಗೆ ಸವರಿದಳು.

“‘ನೀ’ಗೆ ತುಟಿ ಕೂಡೋದಿಲ್ಲಮ್ಮ,” ಎಂದರು ಮೇಷ್ಟ್ರು.

ಲಕ್ವ ಹೊಡೆದು ಅದು ನಾಲ್ಕನೇ ದಿನ. ಮಾತು ಮೊದಲ ದಿನವೇ ಹೋಗಿತ್ತು. ಬೆಳಿಗ್ಗೆ ಡಾಕ್ಟರು ಮೇಷ್ಟ್ರನ್ನು ಕಾರಿಡಾರಿಗೆ ಕರೆದು, ಇವತ್ತು ದಾಟುವುದು ಕಷ್ಟ ಎಂದಿದ್ದರು. ಕಿವಿ ಕೊನೆಯವರೆಗೂ ಕೇಳುತ್ತಿರುತ್ತದೆ, ಹೇಳುವುದಿದ್ದರೆ ಹೇಳಿಬಿಡಿ ಎಂದೂ ಸೇರಿಸಿದ್ದರು.

ಹೇಳುವುದಿತ್ತು. ಏನೆಂದು ಗೊತ್ತಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ಜೀವ ಯಾವುದನ್ನು ನೆನೆಯುತ್ತದೋ ಅದನ್ನೇ ಹೋಗಿ ಸೇರುತ್ತದೆ. ಮೇಷ್ಟ್ರು ಇದನ್ನು ಓದಿದ್ದರು, ನಂಬಿದ್ದರು, ಸಂಜೆಯ ಪಾರಾಯಣಕ್ಕೆ ಬರುವವರಿಗೆ ಬಿಡಿಸಿ ಹೇಳಿದ್ದರು. ಈಗ ಹೆಂಡತಿಯ ಕಿವಿಯಲ್ಲಿ ಅವಳ ಮಂತ್ರವನ್ನೇ ಹೇಳಬೇಕು. ಬೇರೆ ಹೆಸರು ಹೇಳಿದರೆ ಮೂವತ್ತೊಂದು ವರ್ಷದ ಜಪ ಕೊನೆಯ ಮೆಟ್ಟಿಲಲ್ಲಿ ಜಾರಿದಂತೆ. ಆದರೆ ಗುರುಗಳಿಂದ ಪಡೆದ ಮಂತ್ರವನ್ನು ಯಾರಿಗೂ ಹೇಳುವಂತಿಲ್ಲ. ಅವಳು ಗಂಡನಿಗೂ ಹೇಳಿರಲಿಲ್ಲ. ಗುರುಗಳು ತೀರಿಕೊಂಡು ಹತ್ತು ವರ್ಷವಾಗಿತ್ತು.

ಎರಡನೇ ಕ್ಲಾಸಿನಲ್ಲಿದ್ದ ಮಗಳು ಜ್ವರದಲ್ಲಿ ತೀರಿಕೊಂಡ ವರ್ಷ, ಅವಳು ತಂಗಿಯನ್ನು ಜೊತೆ ಮಾಡಿಕೊಂಡು ಗುರುಗಳಲ್ಲಿಗೆ ಹೋಗಿ ಬಂದಿದ್ದಳು. ಅಂದಿನಿಂದ ಅವಳು ಅತ್ತದ್ದನ್ನು ಮೇಷ್ಟ್ರು ಕಾಣಲಿಲ್ಲ. ಮಂತ್ರದ ಬಲ ನೋಡಿ ಎಂದು ಪಾರಾಯಣದಲ್ಲಿ ಅವಳನ್ನೇ ಉದಾಹರಣೆ ಕೊಡುತ್ತಿದ್ದರು. ಅವರಿಗೆ ಕಾಣುತ್ತಿದ್ದ ಕೊರತೆ ಒಂದೇ. ಜಪಕ್ಕೆ ಬೆಳಗಿನ ಜಾವ ಪ್ರಶಸ್ತ. ಅವಳು ಕೂರುತ್ತಿದ್ದದ್ದು ಮಧ್ಯಾಹ್ನ ನಾಲ್ಕಕ್ಕೆ, ಅದೂ ದೇವರ ಮುಂದಲ್ಲ, ಬೀದಿ ಬಾಗಿಲಿನ ಮೆಟ್ಟಿಲ ಮೇಲೆ. ಇದ್ಯಾವ ಶಾಸ್ತ್ರ ಎಂದು ಅವರು ಹಾಸ್ಯ ಮಾಡಿದರೆ, ತನಗೆ ಆ ಹೊತ್ತಿಗೇ ಮನಸ್ಸು ನಿಲ್ಲುವುದು ಎನ್ನುತ್ತಿದ್ದಳು. ಹತ್ತಿರ ಹೋದರೆ ತುಟಿ ಮುಚ್ಚುತ್ತಿದ್ದಳು.

ನಾಲ್ಕು ದಿನಗಳಲ್ಲಿ ಮೇಷ್ಟ್ರು ರಾಮ ಎಂದು ನೋಡಿದ್ದರು. ಕೃಷ್ಣ, ನಾರಾಯಣ, ಶಿವ ಎಲ್ಲ ಆಗಿತ್ತು. ಕೊನೆಗೆ ನಿಯಮ ಮುರಿದು ತಮ್ಮ ಮಂತ್ರವನ್ನೂ ಹೇಳಿದ್ದರು. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದಳು. ಅದನ್ನು ಕಂಡ ನಾದಿನಿ ಚುಚ್ಚಿದ್ದಳು: “ಅಷ್ಟೊಂದು ಪುಸ್ತಕ ಓದಿದ್ದೀರಿ. ಅಕ್ಕನ ಮುಖಾನೂ ಒಂದಿಷ್ಟು ಓದಿ ಭಾವ.”

ಒಳಗೊಳಗೇ ಹೊಟ್ಟೆಕಿಚ್ಚೂ ಆಗಿತ್ತು. ಗಂಡನಿಗೂ ಬಿಟ್ಟುಕೊಡದಷ್ಟು ಹತ್ತಿರದ ಆ ದೇವರು ಯಾರು?

ಚೀಟಿ ನೋಡುತ್ತ ಕೂತಿದ್ದವರಿಗೆ ಥಟ್ಟನೆ ಹೊಳೆಯಿತು. ತುಟಿ, ಆಮೇಲೆ ಠಕಾರ. ವಿಠ್ಠಲ! ‘ವಿ’ ಎನ್ನುವಾಗ ತುಟಿ ದುಂಡಗಾಗುವುದಿಲ್ಲ, ನಿಜ. ಕೊನೆಯ ‘ಲ’ ಕಾಣುತ್ತಲೇ ಇಲ್ಲ, ಅದೂ ನಿಜ. ಲಕ್ವ ಹೊಡೆದ ಬಾಯಿ ವ್ಯಾಕರಣ ಪಾಲಿಸೀತೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಶಿಷ್ಯರು ಇಂಥ ಉತ್ತರ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದರು.

ಅವಳ ಕಿವಿಗೆ ಬಾಗಿ ವಿಠ್ಠಲ ಎಂದರು. ಬೆರಳಿನಲ್ಲಿ ಎಣಿಸುತ್ತ ನೂರೆಂಟು ಸಲ ಹೇಳಿದರು. ಎಪ್ಪತ್ತರ ಹೊತ್ತಿಗೆ ಅವಳ ತುಟಿಗಳು ನಿಂತವು. ಕಣ್ಣು ಚಾವಣಿಯಲ್ಲಿ ನೆಟ್ಟಿತ್ತು.

ನಾದಿನಿ ಫ್ಲಾಸ್ಕ್ ಹಿಡಿದು ಒಳಗೆ ಬಂದಾಗ ಮೇಷ್ಟ್ರ ಕಣ್ಣು ತುಂಬಿತ್ತು. ಸಿಕ್ಕಿತು ಎಂದರು. ಬಾಯಿಬಿಟ್ಟು ಹೇಳುವ ಜಪಕ್ಕಿಂತ ಪಿಸುಮಾತಿನದು ಮೇಲು, ಪಿಸುಮಾತಿಗಿಂತ ಮನಸ್ಸಿನದು ಮೇಲು ಎಂದು, ಪಾರಾಯಣದಲ್ಲಿ ಹೇಳುವಂತೆಯೇ ವಿವರಿಸಿದರು.

“ನೋಡಮ್ಮ, ತುಟಿ ನಿಂತಿದೆ. ಜಪ ಒಳಗೆ ಇಳೀತು.”

ಅವಳು ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದಳು. “ಇಳೀಲಿಲ್ಲ ಭಾವ. ಅಕ್ಕನಿಗೆ ಸಾಕಾಯ್ತು.”

ಹಾಗಾದರೆ ನಿನಗೆ ಗೊತ್ತಿದೆ ಎಂದರು ಮೇಷ್ಟ್ರು. ಗೊತ್ತು, ಆದರೆ ಬಾಯಿ ಬಿಡುವುದಿಲ್ಲವೆಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಾಳೆ ಎಂದಳು ಅವಳು. ಯಾವ ದೇವರು ಅಷ್ಟು ಹೇಳು ಸಾಕು ಎಂದು ಮೇಷ್ಟ್ರು ಕೈ ಮುಗಿದರು. ತಮಗಿಂತ ಕಿರಿಯಳಿಗೆ ಅವರು ಎಂದೂ ಕೈ ಮುಗಿದವರಲ್ಲ.

“ದೇವರಲ್ಲ ಭಾವ. ಗುರುಗಳ ಹತ್ರ ಅಕ್ಕ ಮಂತ್ರ ಕೇಳಲೇ ಇಲ್ಲ. ‘ಮನೇಲಿ ಒಂದು ಹೆಸರು ಎತ್ತಬಾರದು ಅಂತ ನಮ್ಮನೆಯವರು ಹೇಳಿದ್ದಾರೆ, ಶಾಸ್ತ್ರದಲ್ಲಿ ಹಾಗಿದೆಯಂತೆ, ಮನಸ್ಸಲ್ಲೇ ಅಂದುಕೊಂಡ್ರೆ ಪಾಪಾನಾ’ ಅಂತ ಕೇಳಿದಳು. ಗುರುಗಳು, ‘ಅದೇ ನಿನ್ನ ಮಂತ್ರ ಕಣಮ್ಮ, ಯಾರಿಗೂ ಹೇಳಬೇಡ’ ಅಂದರು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನ್ಯಾಕೆ ಆಣೆ ಮುರೀಲಿ. ಆ ಹೆಸರಿಟ್ಟವರು ನೀವೇ.”

ಹಾಸಿಗೆಯಲ್ಲಿ ಉಸಿರು ಬಿಟ್ಟು ಬಿಟ್ಟು ಬರತೊಡಗಿತ್ತು. ಮೇಷ್ಟ್ರು ಬಾಗಿದರು. ತುಟಿ ಕೂಡಿಸಿದರು, ದನಿ ಹೊರಡಲಿಲ್ಲ. ಮತ್ತೆ ಕೂಡಿಸಿದರು.

ಒಗೆದ ಬಟ್ಟೆಯ ಬುಟ್ಟಿಯೊಳಗೆ ಕೂತು ಏಳಲು ಒಪ್ಪದ ಮಗಳಿಗೆ ತಾವೇ ಇಟ್ಟಿದ್ದ ಹೆಸರನ್ನು, ಮೂವತ್ತೊಂದು ವರ್ಷಗಳ ಮೇಲೆ, ಅವಳ ತಾಯಿಯ ಕಿವಿಯಲ್ಲಿ ಹೇಳಿದರು: “ಬುಟ್ಟಿ.”