ಹ್ಯಾಲಿಫ್ಯಾಕ್ಸ್ ಬೇಡ

"ಹ್ಯಾಲಿಫ್ಯಾಕ್ಸ್ ಬೇಡ" ಎಂದು ಡಾರಿಯಾ ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಕಾನೂನು ಕಾಲೇಜುಗಳಿರುವ ಊರುಗಳ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಗೀಟು ಎಳೆದಳು. ವಿಕ್ಟೋರಿಯಾದ ಮೇಲೆ ಆಗಲೇ ಎಳೆದಾಗಿತ್ತು.

ಲಾರಿಸಾಗೆ ಕಾನೂನು ಓದುವ ಆಸೆ. ಅದಕ್ಕಿಂತ ದೊಡ್ಡ ಆಸೆ ವಿನ್ನಿಪೆಗ್ ಬಿಡುವುದು. ಹುಟ್ಟಿದಾಗಿನಿಂದ ಅದೇ ಬೀದಿ, ಅದೇ ಉಕ್ರೇನಿಯನ್ ಚರ್ಚು, ಮುಗಿಯದ ಹಿಮ. ಅಪ್ಪ ಒರೆಸ್ಟ್‌ಗೆ ಪಾರ್ಶ್ವವಾಯು ಬಡಿದ ಮೇಲೆ ಮನೆಯಲ್ಲೂ ಉಸಿರು ಕಟ್ಟುತ್ತಿತ್ತು. ಅವನನ್ನು ಎಬ್ಬಿಸಬೇಕು, ತೊಳೆಯಬೇಕು, ತಿನ್ನಿಸಬೇಕು. ಸರ್ಕಾರ ಕಳಿಸಿದ ದಾದಿಯರನ್ನೆಲ್ಲ ಅವನು ಬೈದು ಓಡಿಸಿದ್ದ. ಹಗಲು ಪಕ್ಕದ ಮನೆಯವಳು ಇಣುಕಿ ಹೋಗುತ್ತಿದ್ದಳು. ಉಳಿದದ್ದೆಲ್ಲ ಡಾರಿಯಾಳ ಪಾಲು, ಅದೂ ವಕೀಲರ ಕಚೇರಿಯಲ್ಲಿ ದಿನವಿಡೀ ಗುಮಾಸ್ತಿಕೆ ಮಾಡಿ ಬಂದ ಮೇಲೆ.

"ಹ್ಯಾಲಿಫ್ಯಾಕ್ಸ್‌ಗೆ ಏನಾಗಿದೆ?" ಲಾರಿಸಾ ಕೇಳಿದಳು.

"ಸಮುದ್ರದ ಗಾಳಿ, ಮೂಳೆಗಿಳಿಯೋ ಥಂಡಿ. ಕಾಲೇಜಿನ ಹತ್ರ ಯಾರದ್ದಾದ್ರೂ ನೆಲಮಾಳಿಗೇಲಿ ಒಂದು ರೂಮ್ ಸಿಕ್ರೆ ಪುಣ್ಯ."

"ನಿಂಗೆ ಹೇಗೆ ಗೊತ್ತು?"

"ಎಲ್ಲಾ ವಿಚಾರಿಸಿದೀನಿ. ತಾಯಿ ಅಲ್ವಾ."

"ಅರ್ಜಿ ಹಾಕೋಕೇನಮ್ಮ? ಸೀಟು ಸಿಗದೇ ಹೋದ್ರೆ ಹೋಗ್ಲಿ."

"ಸಿಕ್ಕಿಬಿಟ್ರೆ?"

ಕುರ್ಚಿಯಲ್ಲಿದ್ದ ಒರೆಸ್ಟ್ ಸೊಟ್ಟ ಬಾಯಲ್ಲೇ ನಕ್ಕ. "ನಿಮ್ಮಮ್ಮ ನಿನ್ನ ಬಿಟ್ಟಿರಲ್ಲ ಕಣೇ."

ಲಾರಿಸಾಗೂ ಹಾಗೇ ಅನ್ನಿಸಿತು. ಮಗಳ ಮೇಲಿನ ಅಕ್ಕರೆ ಕೆಲವು ತಾಯಂದಿರಲ್ಲಿ ಹೀಗೆ ಸಂಕೋಲೆಯಾಗುತ್ತದೆ. ಪ್ರವೇಶ ಪರೀಕ್ಷೆಗೆ ಅವಳನ್ನು ತಯಾರು ಮಾಡಿದ್ದೂ ಡಾರಿಯಾಳೇ. ಅಡುಗೆಮನೆಯಲ್ಲಿ ಕೂತು ಪ್ರಶ್ನೆ ಓದುತ್ತಿದ್ದಳು, ಮಗಳು ತಪ್ಪು ಹೇಳಿದರೆ ಪುಸ್ತಕದ ಕೊನೆಯಲ್ಲಿದ್ದ ಉತ್ತರ ನೋಡದೆಯೇ ತಿದ್ದುತ್ತಿದ್ದಳು.

ಚಳಿಗಾಲದ ಒಂದು ಶನಿವಾರ ಡಾರಿಯಾ ಚರ್ಚಿನ ನೆಲಮಾಳಿಗೆಗೆ ಪೆರೋಗಿ ಕಡುಬು ಮಾಡಲೆಂದು ಹೇಳಿ ಹೋದಳು. ಚರ್ಚಿನ ಹೆಂಗಸರೆಲ್ಲ ಸೇರಿ ಮಾರಾಟಕ್ಕೆಂದು ಆಲೂಗಡ್ಡೆ ತುಂಬಿ ಅಂಚು ಒತ್ತುವ ಕೆಲಸ. ಹೋದವರು ಹಿಟ್ಟಿನ ಮೈಯಲ್ಲಿ, ಕೈಯಲ್ಲೊಂದು ಪೊಟ್ಟಣ ಹಿಡಿದೇ ಮರಳುತ್ತಾರೆ. ಡಾರಿಯಾ ಸಂಜೆ ಬಂದಾಗ ಕೈ ಖಾಲಿ. ಕಪ್ಪು ಕೋಟಿನ ಮೇಲೆ ಹಿಟ್ಟಿನ ಒಂದು ಚುಕ್ಕೆಯೂ ಇರಲಿಲ್ಲ.

"ಪೆರೋಗಿ ಎಲ್ಲಿ?" ಒರೆಸ್ಟ್ ಗದರಿಸಿದ.

"ಎಲ್ಲಾ ಮಾರಾಟ ಆಗೋಯ್ತು" ಎಂದು ಅವಳು ಮೊಟ್ಟೆ ಬೇಯಿಸಿ ಕೊಟ್ಟಳು.

ಕೊನೆಗೆ ಲಾರಿಸಾ ಸೋತಳು. ವಿನ್ನಿಪೆಗ್ ಒಂದಕ್ಕೇ ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು. ಆ ರಾತ್ರಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು. ಡಾರಿಯಾ ಮಾತ್ರ ವರ್ಷಗಳ ನಂತರ ಹಾಡು ಗುನುಗುತ್ತಿದ್ದಳು. ಅಪ್ಪನ ಸೊಂಟಕ್ಕೆ ಪಟ್ಟಿ ಬಿಗಿದು ಮಂಚಕ್ಕೆ ದಾಟಿಸುವುದು ಹೇಗೆ, ಗಂಟಲಿಗೆ ಸಿಕ್ಕದ ಹಾಗೆ ಗಂಜಿ ಎಷ್ಟು ಗಟ್ಟಿಯಿರಬೇಕು, ಎಲ್ಲವನ್ನೂ ಬೇಸಿಗೆಯುದ್ದಕ್ಕೂ ಮಗಳಿಗೆ ಕಲಿಸಿದಳು.

"ನನಗ್ಯಾಕಮ್ಮ ಇದೆಲ್ಲ? ನೀನಿದೀಯಲ್ಲ."

"ಕಲ್ತಿರು. ನನ್ನ ಸೊಂಟ ನಂಬೋ ಹಾಗಿಲ್ಲ."

ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಲಾರಿಸಾ ಎದ್ದು ಬಂದಾಗ ಬಾಗಿಲಲ್ಲಿ ಎರಡು ಸೂಟ್‌ಕೇಸುಗಳಿದ್ದವು. ಹೊರಗೆ ಟ್ಯಾಕ್ಸಿ ನಿಂತಿತ್ತು. ಡಾರಿಯಾ ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

"ಎಲ್ಲಿಗೆ?"

"ಹ್ಯಾಲಿಫ್ಯಾಕ್ಸ್‌ಗೆ, ಕಾನೂನು ಓದೋಕೆ. ಪದವಿ ಇಲ್ದಿದ್ರೂ ಕೆಲಸದ ಅನುಭವ ಇರೋ ನನ್ನ ವಯಸ್ಸಿನೋರನ್ನೂ ತಗೋತಾರೆ. ಆ ಪೆರೋಗಿ ಶನಿವಾರ ಬರೆದ ಪರೀಕ್ಷೆಯಲ್ಲಿ ನಿನಗಿಂತ ಚೆನ್ನಾಗೇ ಮಾಡಿದೀನಿ."

ಲಾರಿಸಾ ಬಾಗಿಲಿಗೆ ಅಡ್ಡ ನಿಂತಳು. "ಮತ್ತೆ ನನ್ನನ್ಯಾಕೆ ಇಲ್ಲಿ ಕಟ್ಟಿಹಾಕ್ದೆ?"

ಒಳಗಿನಿಂದ ಒರೆಸ್ಟ್ ಯಾರನ್ನೋ ಕೂಗುತ್ತಿದ್ದ. ಡಾರಿಯಾ ಸೂಟ್‌ಕೇಸು ಎತ್ತಿಕೊಂಡಳು.

"ಇಬ್ಬರೂ ಹೋದ್ರೆ ನಿಮ್ಮಪ್ಪನ್ನ ನೋಡ್ಕೊಳ್ಳೋರು ಯಾರೇ?"